ಸೀಟಿ ಊದಿದ ಮೇಲೆ

ನನ್ನ ಭಾವನನ್ನು ಎಲ್ಲರೂ ಕರೆಯುತ್ತಿದ್ದದ್ದು ಕಂಬಣ್ಣ ಎಂದು. ಆರಡಿ ಮೂರಂಗುಲ ಎತ್ತರ, ಅದರ ಮೇಲೆ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಕೆಲಸ. ದಿನವಿಡೀ ಕಂಬದ ಮೇಲೆಯೇ ಇರುವವರಿಗೆ ಬೇರೆ ಅಡ್ಡಹೆಸರು ಹುಡುಕುವ ಕಷ್ಟ ಯಾರಿಗೆ ಬೇಕು? ಮದುವೆಯಾದ ಹೊಸತರಲ್ಲಿ ಆ ಹೆಸರು ಕೇಳಿದರೆ ಅಕ್ಕನಿಗೆ ಮೈ ಉರಿಯುತ್ತಿತ್ತು. ಆಮೇಲಾಮೇಲೆ ಅವಳೇ, "ನಮ್ಮನೆ ಕಂಬ ಇನ್ನೂ ಬಂದಿಲ್ಲ, ಊಟಕ್ಕೆ ಕಾಯ್ತಾ ಕೂತಿದೀನಿ" ಎನ್ನುವ ಮಟ್ಟಕ್ಕೆ ಬಂದಳು.

ಕೆಲಸದಲ್ಲಿ ಭಾವನಷ್ಟು ಎಚ್ಚರದ ಮನುಷ್ಯನನ್ನು ನಾನು ಕಂಡಿಲ್ಲ. ಲೈನ್ ಬಂದ್ ಆಗಿದೆ ಎಂದು ಕಚೇರಿಯಿಂದ ಫೋನು ಬಂದ ಮೇಲೂ ಪರೀಕ್ಷಿಸುವ ಕೋಲು ತಾಗಿಸಿ ನೋಡುವರು, ಅಕಸ್ಮಾತ್ ಕರೆಂಟು ಬಂದರೂ ನೆಲಕ್ಕಿಳಿಯಲೆಂದು ತಂತಿಗೆ ಅರ್ತ್ ಸರಪಳಿ ಹಾಕುವರು, ಕೈಗವಸಿನೊಳಗೆ ಊದಿ ಎಲ್ಲಾದರೂ ತೂತಿದೆಯೋ ಎಂದು ಕಿವಿಗೆ ಹಿಡಿದು ಕೇಳುವರು. ಆಮೇಲೆಯೇ ಹತ್ತುತ್ತಿದ್ದದ್ದು. ಹದಿನೇಳು ವರ್ಷದ ಸೇವೆಯಲ್ಲಿ ಅವರ ಗ್ಯಾಂಗಿನ ಒಬ್ಬನಿಗೂ ಬೆರಳು ಸುಟ್ಟಿರಲಿಲ್ಲ. "ಕರೆಂಟಿಗೆ ಕೋಪ ಬರಲ್ಲ ಕಣೋ, ಅದಕ್ಕೇ ಅದು ಅಷ್ಟು ಅಪಾಯ. ಕೋಪ ಬರೋರಾದ್ರೆ ಮುಖ ನೋಡಿ ದೂರ ನಿಂತ್ಕೋಬಹುದು" ಎಂದು ಒಮ್ಮೆ ನನಗೆ ಹೇಳಿದ್ದರು.

ಅವರಿಗಿದ್ದ ಹುಚ್ಚು ಒಂದೇ, ವಾಲಿಬಾಲ್. ಇಲಾಖೆಯ ಉಗ್ರಾಣದ ಹಿಂದೆ ಕೆಟ್ಟ ಟ್ರಾನ್ಸ್‌ಫಾರ್ಮರ್‌ಗಳನ್ನು ಸಾಲಾಗಿ ಇಟ್ಟಿದ್ದ ಜಾಗದಲ್ಲಿ ಒಂದು ಅಂಕಣ. ಸಂಜೆ ಐದಾದರೆ ಭಾವ ಅಲ್ಲಿ. ಬಲೆಯ ಮುಂದೆ ನಿಂತು ಎರಡು ಕೈ ಎತ್ತಿದರೆ ಎದುರಿನವರಿಗೆ ಆಕಾಶ ಕಾಣುತ್ತಿರಲಿಲ್ಲ. ಮನೆಯಲ್ಲಿ ದನಿ ಏರಿಸದ ಮನುಷ್ಯ ಅಂಕಣಕ್ಕಿಳಿದರೆ ಬಾಯಿ ಜೋರು. ಆದರೆ ಅದು ಬಾಯಿ ಮಾತ್ರ, ಆಟ ಮುಗಿದ ಮೇಲೆ ಎಲ್ಲರಿಗೂ ಟೀ ಕೊಡಿಸುತ್ತಿದ್ದವರೂ ಅವರೇ. ಆದ್ದರಿಂದ ನಾವ್ಯಾರೂ ಅದನ್ನು ತಲೆಗೆ ಹಚ್ಚಿಕೊಂಡಿರಲಿಲ್ಲ. ಈಗ ಯೋಚಿಸಿದರೆ, ಹಚ್ಚಿಕೊಳ್ಳಬೇಕಿತ್ತು.

ನಾನು ನೋಂದಣಿ ಕಚೇರಿಯಲ್ಲಿ ನಕಲು ಬರೆಯುವ ಗುಮಾಸ್ತ. ಆಡಲು ಬಾರದು, ಅಕ್ಷರ ದುಂಡಗಿದೆ. ಅದಕ್ಕೇ ವಾಲಿಬಾಲ್ ಸಂಘದವರು ಪರೀಕ್ಷೆ ಬರೆಸಿ ನನ್ನನ್ನು ಸ್ಕೋರರ್ ಮಾಡಿದ್ದರು. ಊರಿನಲ್ಲಿ ಬೇರೆ ಸ್ಕೋರರ್ ಇರಲಿಲ್ಲವಾದ್ದರಿಂದ ಭಾವನ ತಂಡದ ಪಂದ್ಯಗಳಿಗೂ ನಾನೇ ಕೂರುತ್ತಿದ್ದೆ. ಎದುರು ತಂಡದವರು ಒಂದು ದಿನವೂ ಬೇಡವೆಂದಿರಲಿಲ್ಲ.

ರೆಫರಿ ಟೈಲರ್ ಮಾಸ್ತರು. ಮಾರುಕಟ್ಟೆ ಬೀದಿಯಲ್ಲಿ, ಚಪ್ಪಲಿ ಅಂಗಡಿಗೂ ಗಡಿಯಾರ ರಿಪೇರಿಯವನಿಗೂ ನಡುವೆ, ಇಬ್ಬರು ನಿಂತರೆ ಮೂರನೆಯವರು ಬಾಗಿಲಲ್ಲೇ ಉಳಿಯುವಷ್ಟು ಸಣ್ಣ ಅಂಗಡಿ. ಮುಂದೆ ಬಟ್ಟೆ ಕತ್ತರಿಸುವ ಹಲಗೆ, ಹಿಂದೆ ಎರಡು ಮಶೀನು. ಒಂದರಲ್ಲಿ ಮಾಸ್ತರು, ಇನ್ನೊಂದರಲ್ಲಿ ಅವರ ಹೆಂಡತಿ. ವಾರವೆಲ್ಲ ಕೊರಳಲ್ಲಿ ಅಳತೆ ಟೇಪು, ಭಾನುವಾರ ಅದೇ ಕೊರಳಲ್ಲಿ ಸೀಟಿ. ಇಪ್ಪತ್ತೆರಡು ವರ್ಷ ಹೀಗೇ ನಡೆದಿತ್ತು. ಆಸಾಮಿ ಕುಳ್ಳು, ತೆಳ್ಳಗೆ. ಬಲೆಯ ಪಕ್ಕ ರೆಫರಿ ನಿಲ್ಲುವ ಕಬ್ಬಿಣದ ಎತ್ತರದ ಕಟ್ಟೆ ಹತ್ತಿ ನಿಂತಾಗಷ್ಟೇ ಅವರು ನಮ್ಮ ಭಾವನಿಗಿಂತ ಎತ್ತರ. "ವಾರಕ್ಕೊಂದು ದಿನ ನಾನೂ ಉದ್ದ ಆಗ್ತೀನಿ" ಎಂದು ತಾವೇ ನಗುತ್ತಿದ್ದರು. ಊರಿನ ಎಲ್ಲ ತಂಡಗಳ ಅಂಗಿ ಹೊಲಿಯುತ್ತಿದ್ದವರೂ ಅವರೇ. ಭಾವನ ಹತ್ತನೇ ನಂಬರಿನ ನೀಲಿ ಅಂಗಿಗೆ, ತೋಳು ಎತ್ತಿದಾಗ ಹಿಡಿಯದಿರಲೆಂದು ಕಂಕುಳಲ್ಲಿ ಎರಡಂಗುಲ ಹೆಚ್ಚು ಬಟ್ಟೆ ಕೊಟ್ಟು ಹೊಲಿದಿದ್ದರು.

ಆ ವರ್ಷ ಇಲಾಖೆಗಳ ನಡುವಿನ ಪಂದ್ಯಾವಳಿಯಲ್ಲಿ ಫೈನಲ್ ಬಂದದ್ದು ನಮ್ಮ ವಿದ್ಯುತ್ತಿನವರಿಗೂ ನೀರು ಸರಬರಾಜಿನವರಿಗೂ. ಮಧ್ಯಾಹ್ನ ಮೂರಕ್ಕೆ ಶುರುವಾದ ಆಟ ಐದನೇ ಸೆಟ್ಟಿಗೆ ಹೋಯಿತು. ಹದಿಮೂರು ಹದಿನಾಲ್ಕು. ನೀರಿನವರಿಗೆ ಇನ್ನೊಂದೇ ಪಾಯಿಂಟು ಬೇಕು. ಅವರ ಹುರಿಯಾಳು ಹಾರಿ ಹೊಡೆದ. ಭಾವ ಎರಡೂ ಕೈ ಎತ್ತಿ ಹಾರಿದರು. ಚೆಂಡು ಅವರನ್ನು ದಾಟಿ ಗೆರೆಯಾಚೆ ಎಲ್ಲೋ ದೂರ ಬಿತ್ತು. ನಮ್ಮವರೆಲ್ಲ ಕುಣಿದಾಡಿದರು. ಹೊರಗೆ ಬಿದ್ದರೆ ಪಾಯಿಂಟು ನಮ್ಮದೇ ತಾನೇ.

ಮಾಸ್ತರು ಸೀಟಿ ಊದಿದರು. ಎಡಗೈ ನೆಟ್ಟಗೆ ನಿಲ್ಲಿಸಿ ಅದರ ಬೆರಳ ತುದಿಗಳ ಮೇಲೆ ಬಲಗೈ ಸವರಿದರು. ಚೆಂಡು ತಡೆದವರ ಬೆರಳಿಗೆ ತಾಗಿ ಹೊರಗೆ ಹೋಗಿದೆ ಎಂದು ಅದರ ಅರ್ಥ. ಪಾಯಿಂಟು ನೀರಿನವರಿಗೆ. ಪಂದ್ಯ ಮುಗಿದಿತ್ತು.

"ತಾಗಿಲ್ಲ! ಎಲ್ಲಿ ತಾಗಿದೆ, ತೋರ್ಸು!" ಭಾವ ಕಟ್ಟೆಯ ಬುಡಕ್ಕೆ ಬಂದಿದ್ದರು.

"ತಾಗಿದೆ, ಕಂಬಣ್ಣ. ನಾನು ನೋಡಿದೀನಿ. ಹೋಗಿ ಸಾಲಲ್ಲಿ ನಿಂತ್ಕೊಳ್ಳಿ" ಎಂದರು ಮಾಸ್ತರು, ಶಾಂತವಾಗಿಯೇ.

"ಇಳಿಯಯ್ಯಾ ಕೆಳಗೆ! ಇಳಿ ಅಂದೆ!"

ಭಾವ ಕಟ್ಟೆಯನ್ನು ಹಿಡಿದು ಅಲ್ಲಾಡಿಸಿದರು. ಮಾಸ್ತರು ಕಂಬಿ ಹಿಡಿದುಕೊಂಡರು. ಯಾರೋ "ಬಿಡ್ರೀ, ಬಿಡ್ರೀ" ಎಂದು ಓಡಿ ಬಂದರು. ಅವರು ತಲುಪುವ ಮೊದಲೇ ಭಾವ ಮಾಸ್ತರ ಎಡಗಾಲಿನ ಮೀನಖಂಡಕ್ಕೆ ಕೈ ಹಾಕಿ, ಬಿಗಿದ ತಂತಿ ಎಳೆಯುವವರ ಹಾಗೆ, ಇಡೀ ಮೈ ಭಾರ ಬಿಟ್ಟು ಎಳೆದರು. ಮಾಸ್ತರು ಹಿಮ್ಮುಖವಾಗಿ ಬಿದ್ದರು. ಅಂಕಣದ ಪಕ್ಕದ ಚರಂಡಿಗೆ ಸಿಮೆಂಟಿನ ಅಂಚಿತ್ತು. ಅವರ ಬಲಗೈ ಅದರ ಮೇಲೆ ಊರಿಕೊಂಡಿತು. ಒಣ ಕಟ್ಟಿಗೆ ಮುರಿದಂಥ ಸದ್ದು ನನ್ನ ಮೇಜಿನವರೆಗೂ ಕೇಳಿಸಿತು.

ಇಷ್ಟೆಲ್ಲ ಆಗಲು ಒಂದು ನಿಮಿಷವೂ ಹಿಡಿಯಲಿಲ್ಲ. ಭಾವ ತಮ್ಮ ಕೈಗಳನ್ನು ನೋಡಿಕೊಳ್ಳುತ್ತ ನಿಂತಿದ್ದರು. ಮಾಸ್ತರು ಕೂಗಲಿಲ್ಲ. ಮಣಿಕಟ್ಟು ತಿರುಚಿಕೊಂಡು ಬೇರೆಯವರದೇನೋ ಎಂಬಂತೆ ತೊಡೆಯ ಮೇಲೆ ಬಿದ್ದಿದ್ದ ಕೈಯನ್ನೇ ನೋಡುತ್ತ, "ನನ್ನ ಕತ್ತರಿ ಕೈ... ನನ್ನ ಕತ್ತರಿ ಕೈ" ಎಂದರು.

ಅವರನ್ನು ಆಸ್ಪತ್ರೆಗೆ ಸಾಗಿಸಿದ ಮೇಲೆ ಎರಡನೇ ರೆಫರಿ ನನ್ನ ಮೇಜಿಗೆ ಬಂದರು. ಸ್ಕೋರ್ ಹಾಳೆಯ ಕೊನೆಯಲ್ಲಿ ಷರಾ ಬರೆಯುವ ಖಾನೆ ಇರುತ್ತದೆ. ಸಾಮಾನ್ಯವಾಗಿ ಅದು ಖಾಲಿ. "ಬರೀರಿ" ಎಂದರು. ನಾನು ಅವರ ಮುಖ ನೋಡಿದೆ. "ನಿಮ್ಮ ಭಾವ ಅಂತ ಗೊತ್ತು. ಆದ್ರೂ ಬರೀರಿ." ಬರೆದೆ. 'ಪಂದ್ಯ ಮುಗಿದ ಮೇಲೆ ಹತ್ತನೇ ನಂಬರಿನ ಆಟಗಾರರು ರೆಫರಿಯ ಕಾಲು ಹಿಡಿದು ಎಳೆದರು. ರೆಫರಿ ಬಿದ್ದು ಬಲಗೈಗೆ ಪೆಟ್ಟಾಯಿತು.' ಎರಡೇ ಸಾಲು. ದುಂಡನೆಯ ಅಕ್ಷರ. ಕೆಳಗೆ ನನ್ನ ಸಹಿ.

ಮರುದಿನ ಬೆಳಿಗ್ಗೆ ಪೊಲೀಸರು ಬಂದರು. ಭಾವ ಹಲ್ಲುಜ್ಜುತ್ತಿದ್ದರು, ಮಗಳು ಶಾಲೆಗೆ ಹೊರಡುತ್ತಿದ್ದಳು. ಬಾಯಿ ಮುಕ್ಕಳಿಸಿ, ಅಂಗಿ ಹಾಕಿಕೊಂಡು ಅವರ ಜೊತೆ ನಡೆದರು. ಜಾಮೀನಿನ ಮೇಲೆ ಮನೆಗೆ ಬರಲು ಐದು ದಿನ ಬೇಕಾಯಿತು. ಅಷ್ಟರಲ್ಲಿ ಎರಡು ಕಾಗದ ಬಂದಿದ್ದವು. ಒಂದು ಸಂಘದ್ದು: ಇನ್ನು ಜೀವಮಾನ ಪರ್ಯಂತ ಯಾವ ಪಂದ್ಯದಲ್ಲೂ ಆಡುವಂತಿಲ್ಲ, ಸಂಘದ ಪಂದ್ಯ ನಡೆಯುವ ಮೈದಾನದೊಳಗೆ ಕಾಲಿಡುವಂತಿಲ್ಲ. ಇನ್ನೊಂದು ಇಲಾಖೆಯದು: ಅಮಾನತು.

ವಕೀಲರ ಕೋಣೆಗೆ ನಾನೂ ಅಕ್ಕನೂ ಭಾವನ ಜೊತೆ ಹೋದೆವು. ವಕೀಲರು ವಯಸ್ಸಾದವರು, ಮಾತು ನೇರ.

"ಆಡ್ತಾ ಆಡ್ತಾ ಮೊಣಕೈ ತಾಗಿ ಒಬ್ಬನ ಹಲ್ಲು ಉದುರಿದ್ರೆ ಅದು ಬೇರೆ. ಆಟಕ್ಕಿಳಿದೋನು ಅಷ್ಟಕ್ಕೆ ಒಪ್ಪಿಕೊಂಡೇ ಇಳಿದಿರ್ತಾನೆ ಅಂತ ವಾದ ಮಾಡಬಹುದು. ಇದು ಹಾಗಲ್ಲ. ರೆಫರಿ ಆಡ್ತಿರ್ಲಿಲ್ಲ. ಸೀಟಿ ಊದಿದ ಮೇಲೆ ಆಟಾನೂ ಮುಗಿದಿತ್ತು. ಆಮೇಲೆ ಆಗಿದ್ದು ಬೀದೀಲಿ ಆದ ಹಾಗೇ. ಮೂಳೆ ಮುರಿದಿದೆ, ಅಂದ್ರೆ ತೀವ್ರ ಗಾಯ. ಅದೂ ತೀರ್ಪು ಕೊಡೋ ಜಾಗದಲ್ಲಿ ನಿಂತೋರ ಮೇಲೆ ಕೈ ಮಾಡಿದ್ದು. ನ್ಯಾಯಾಧೀಶರು ಕೂಡ ತೀರ್ಪು ಕೊಡೋರೇ ಅಲ್ವೇನಮ್ಮಾ? ಅವರಿಗೆ ಇದು ಸುಲಭವಾಗಿ ಗಂಟಲಲ್ಲಿ ಇಳಿಯಲ್ಲ."

ಅಕ್ಕ ಸೆರಗನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚುತ್ತಿದ್ದಳು. "ಬೇರೆ ದಾರೀನೇ ಇಲ್ವಾ ಸರ್?"

ದಾರಿ ಒಂದಿತ್ತು. ಕಟ್ಟೆ ಹಳೆಯದು, ಒಂದು ಕಾಲು ಮೋಟು, ಜನರ ನೂಕುನುಗ್ಗಲಲ್ಲಿ ಅದೇ ವಾಲಿತು ಎನ್ನಬಹುದು. ಆರು ಮಂದಿ ಆಟಗಾರರು ಹಾಗೆ ಹೇಳಲು ಆಗಲೇ ತಯಾರಿದ್ದರು. ಅಡ್ಡಿಯಿದ್ದದ್ದು ನನ್ನ ಎರಡು ಸಾಲು. "ಎರಡನೇ ರೆಫರಿ ಬರೆಸಿದ್ದನ್ನ ಬರೆದೆ, ಕಣ್ಣಾರೆ ನೋಡ್ಲಿಲ್ಲ ಅಂತ ನೀವು ಹೇಳಿದ್ರೆ ಸಾಕು" ಎಂದರು ವಕೀಲರು. ಹೇಳಿ ಎನ್ನಲಿಲ್ಲ. ಹೇಳಿದ್ರೆ ಸಾಕು ಎಂದರು.

ಮೆಟ್ಟಿಲಿಳಿಯುತ್ತ ಅಕ್ಕ ನನ್ನ ಕೈ ಹಿಡಿದಳು. ನನ್ನನ್ನು ಎತ್ತಿ ಆಡಿಸಿದವಳು ಅವಳು. "ಒಂದೇ ಮಾತು ಕಣೋ. ನೋಡ್ಲಿಲ್ಲ ಅನ್ನು. ನಿನ್ನಿಂದ ಏನು ಹೋಗತ್ತೆ?" ನಾನು ಹೂಂ ಎಂದೆ. ಹೂಂ ಎಂದದ್ದು ನಿಜ, ಅದನ್ನು ಮುಚ್ಚಿಡುವುದಿಲ್ಲ.

ಅಕ್ಕ ಅಲ್ಲಿಗೇ ಬಿಡಲಿಲ್ಲ. ಒಂದು ಮಧ್ಯಾಹ್ನ ಯಾರಿಗೂ ಹೇಳದೆ ಟೈಲರ್ ಅಂಗಡಿಗೆ ಹೋದಳು. ಮಾಸ್ತರ ಮಣಿಕಟ್ಟಿಗೆ ಲೋಹದ ಪಟ್ಟಿ ಹಾಕಿ ಎರಡು ಸಲ ಶಸ್ತ್ರಚಿಕಿತ್ಸೆ ಆಗಿತ್ತು. ಬೆರಳುಗಳು ಅರ್ಧ ಮಡಚುತ್ತಿದ್ದವು, ಅದಕ್ಕಿಂತ ಮುಂದೆ ಹೋಗುತ್ತಿರಲಿಲ್ಲ. ಅಕ್ಕ ಹೋದಾಗ ಹಲಗೆಯ ಮುಂದೆ ಅವರ ಹೆಂಡತಿ ನಿಂತು ಬಟ್ಟೆ ಕತ್ತರಿಸುತ್ತಿದ್ದರಂತೆ. ಮಾಸ್ತರು ಪಕ್ಕದಲ್ಲಿ ಕೂತು, "ಇನ್ನು ಅರ್ಧ ಅಂಗುಲ ಒಳಗೆ ತಗೋ, ಹಾಂ, ಈಗ ತಿರುಗಿಸು" ಎಂದು ಬಾಯಲ್ಲೇ ಕತ್ತರಿ ಆಡಿಸುತ್ತಿದ್ದರಂತೆ.

ಅಕ್ಕ ರಾಜಿಯ ಮಾತೆತ್ತಿದಳು. ಮಾಸ್ತರು ಅವಳನ್ನು ಕೂರಿಸಿ, ನೀರು ತರಿಸಿ ಕೊಟ್ಟು ಹೇಳಿದ್ದಿಷ್ಟು: "ತಂಗೀ, ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಆದ್ರೆ ನಾನು ಇದನ್ನ ಹೀಗೇ ಬಿಟ್ಟುಕೊಟ್ರೆ ಮುಂದಿನ ಭಾನುವಾರ ಆ ಕಟ್ಟೆ ಹತ್ತೋರು ಯಾರು? ನನ್ನ ಕೈಯಂತೂ ಹೋಯ್ತು. ಕಾನೂನು ಏನು ಹೇಳತ್ತೋ ಹೇಳ್ಲಿ ಬಿಡಿ."

ಮನೆಗೆ ಬಂದು ಅಕ್ಕ ಗೋಡೆಗೆ ಒರಗಿ ಅತ್ತಳು. ಭಾವ ಎದುರು ಕೋಣೆಯಲ್ಲೇ ಇದ್ದರು. ಎಲ್ಲ ಕೇಳಿಸಿಕೊಂಡರು, ಹೊರಗೆ ಬರಲಿಲ್ಲ.

ಸಾಕ್ಷಿ ಹೇಳುವುದಕ್ಕೆ ಎರಡು ದಿನ ಮೊದಲು ಭಾವ ನನ್ನನ್ನು ತಾರಸಿಗೆ ಕರೆದರು. ಒಗೆದ ಬಟ್ಟೆ ಒಣಗುತ್ತಿತ್ತು. ನೀರಿನ ತೊಟ್ಟಿಯ ನೆರಳಲ್ಲಿ ಕೂತೆವು. ಕೆಲಸವಿಲ್ಲದೆ ಅವರ ಕೈಯ ದಡ್ಡುಗಳು ಮೆತ್ತಗಾಗಿ ಸಿಪ್ಪೆ ಏಳುತ್ತಿದ್ದವು. ಅದನ್ನೇ ಕಿತ್ತುಕೊಳ್ಳುತ್ತ ಹೇಳಿದರು.

"ಚೆಂಡು ತಾಗಿತ್ತು ಕಣೋ."

ಬಲಗೈಯ ಕಿರುಬೆರಳನ್ನು ಎತ್ತಿ ತೋರಿಸಿದರು.

"ಈ ಕಿರುಬೆರಳಿಗೆ. ಸವರಿದ ಹಾಗೆ. ಬೇರೆ ಯಾರಿಗೂ ಗೊತ್ತಾಗೋ ಹಾಗಿರ್ಲಿಲ್ಲ. ನನಗೆ ಗೊತ್ತಿತ್ತು, ಅವರಿಗೆ ಗೊತ್ತಾಯ್ತು. ಅವರಿಗೆ ಗೊತ್ತಾಯ್ತಲ್ಲಾ ಅಂತಾನೇ ನನಗೆ ತಲೆ ಕೆಟ್ಟಿದ್ದು. ತಪ್ಪು ತೀರ್ಪು ಕೊಟ್ಟಿದ್ರೆ ನಾನು ಬೈದು ಸುಮ್ಮನಾಗ್ತಿದ್ದೆ, ನಿನ್ನಾಣೆ."

"ಈಗ ಯಾಕೆ ಹೇಳ್ತಾ ಇದೀರಿ ಭಾವ?"

"ನಿನಗೆ ಸುಳ್ಳು ಹೇಳು ಅಂತ ನಾನು ಹೇಳಿಲ್ಲ. ಹೇಳ್ಬೇಡ ಅಂತ ಹೇಳೋಕೂ ಧೈರ್ಯ ಸಾಲ್ತಾ ಇಲ್ಲ. ಮಗಳ ಮುಖ ನೋಡಿದ್ರೆ ಎದೆ ಧಸಕ್ ಅನ್ನತ್ತೆ. ನೀನೇ ಏನಾದ್ರೂ ಮಾಡ್ಕೋ."



ನ್ಯಾಯಾಲಯದ ಕೋಣೆಯಲ್ಲಿ ಒಂದು ಫ್ಯಾನು ಕೆಟ್ಟಿತ್ತು. ನ್ಯಾಯಾಧೀಶರು ಹೆಂಗಸು, ನನ್ನ ಅಕ್ಕನ ವಯಸ್ಸಿನವರು. ಮೊದಲು ಮಾಸ್ತರ ಸಾಕ್ಷಿ. ಪ್ರಮಾಣ ಮಾಡಲು ಬಲಗೈ ಎತ್ತಿ ಎಂದಾಗ ಅಂಗೈ ನೆಟ್ಟಗೆ ನಿಲ್ಲಲಿಲ್ಲ, ಎಡಗೈಯನ್ನು ಮಣಿಕಟ್ಟಿಗೆ ಆನಿಸಿ ಎತ್ತಿ ಹಿಡಿದರು. ನನ್ನ ಸರದಿ ಬಂತು. ಸರ್ಕಾರಿ ವಕೀಲರು ಸ್ಕೋರ್ ಹಾಳೆ ತೋರಿಸಿ, "ಇದು ನಿಮ್ಮ ಕೈಬರಹವೇ?" ಎಂದು ಕೇಳಿದರು. ಹೌದೆಂದೆ. "ಬರೆದದ್ದನ್ನು ನೀವು ಸ್ವತಃ ನೋಡಿದಿರಾ?"

ಹಿಂದಿನ ಬೆಂಚಿನಲ್ಲಿ ಅಕ್ಕ ಕೂತಿದ್ದಳು. ಅವಳತ್ತ ನೋಡಬಾರದೆಂದುಕೊಂಡೇ ನೋಡಿದೆ. ಹಾಳೆ ನನ್ನ ಕೈಯಲ್ಲಿತ್ತು. ಇಪ್ಪತ್ತು ವರ್ಷ ಬೇರೆಯವರ ದಾಖಲೆಗಳನ್ನು ಒಂದಕ್ಷರ ತಪ್ಪದೆ ನಕಲು ಮಾಡಿದವನು ನಾನು. ನಾನೇ ಬರೆದ ಎರಡು ಸಾಲನ್ನು ನನ್ನದಲ್ಲವೆನ್ನಲು ನಾಲಗೆ ಏಳಲಿಲ್ಲ. ನಿಜ ಹೇಳಬೇಕೆಂಬ ದೊಡ್ಡತನವೇನೂ ಅದರಲ್ಲಿರಲಿಲ್ಲ.

"ನೋಡಿದೆ" ಎಂದೆ.

ಅಕ್ಕ ಎದ್ದು ಹೊರಗೆ ಹೋದಳು. ಬಾಗಿಲು ತಾನಾಗಿ ಮುಚ್ಚಿಕೊಂಡಿತು.

ಇನ್ನು ಉಳಿದದ್ದು ಆರು ಆಟಗಾರರ ಸಾಕ್ಷಿ. ಅದಕ್ಕೆ ಮುಂಚೆ ಆರೋಪಿಯ ಹೇಳಿಕೆ. ವಕೀಲರು ಹೇಳಿಕೊಟ್ಟಿದ್ದದ್ದು, ಎಲ್ಲದಕ್ಕೂ 'ಸುಳ್ಳು' ಎನ್ನುವುದು. ನ್ಯಾಯಾಧೀಶರು ಕೇಳಿದರು. ಭಾವ ಕಟಕಟೆಯಲ್ಲಿ ಬೆನ್ನು ಬಾಗಿಸಿ ನಿಂತಿದ್ದರು, ಮೇಲಿನ ತಂತಿಗೆ ತಲೆ ತಾಗೀತೆಂಬಂತೆ.

"ಕಟ್ಟೆ ಗಟ್ಟಿಯಾಗೇ ಇತ್ತು ಅಮ್ಮಾ. ಎಳೆದಿದ್ದು ನಾನು. ಚೆಂಡು ನನ್ನ ಬೆರಳಿಗೆ ತಾಗಿತ್ತು. ಅವರು ಹೇಳಿದ್ದು ಸರಿ ಇತ್ತು."

ನಮ್ಮ ವಕೀಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮಾಸ್ತರು ತಲೆ ತಗ್ಗಿಸಿಕೊಂಡರು. ಇಷ್ಟು ತಿಂಗಳು ಅವರು ಕಾದಿದ್ದದ್ದು ಈ ಮಾತಿಗೇ ಇರಬಹುದು, ಆದರೆ ಬಂದಾಗ ಅವರ ಮುಖದಲ್ಲಿ ಸಂತೋಷವಿರಲಿಲ್ಲ.

ಒಪ್ಪಿಕೊಂಡದ್ದಕ್ಕೆ ಶಿಕ್ಷೆ ಕಡಿಮೆಯಾಯಿತು, ಇಲ್ಲವಾಗಲಿಲ್ಲ. ಒಂದು ವರ್ಷ ಜೈಲು, ಗಾಯಗೊಂಡವರಿಗೆ ಪರಿಹಾರ. ಮೈದಾನದಲ್ಲಿ ಸೀಟಿ ಹಿಡಿದು ನಿಂತವರಿಗೆ ರಕ್ಷಣೆಯೆಂದರೆ ಎಲ್ಲರೂ ಅವರ ಮಾತು ಒಪ್ಪುತ್ತಾರೆಂಬ ನಂಬಿಕೆಯೊಂದೇ, ಅದನ್ನು ಮುರಿದದ್ದು ಮೂಳೆ ಮುರಿದದ್ದಕ್ಕಿಂತ ಸಣ್ಣದಲ್ಲ ಎಂದು ನ್ಯಾಯಾಧೀಶರು ಓದಿದರು. ವಕೀಲರು ಮೇಲ್ಮನವಿ ಹಾಕೋಣವೆಂದರು. ಭಾವ ಬೇಡವೆಂದರು. ಶಿಕ್ಷೆಯಾದ ತಿಂಗಳೊಳಗೆ ಇಲಾಖೆ ಅವರನ್ನು ಕೆಲಸದಿಂದ ವಜಾ ಮಾಡಿತು. ಹದಿನೇಳು ವರ್ಷದ ಸೇವೆ ಅರ್ಧ ಪುಟದ ಕಾಗದದಲ್ಲಿ ಮುಗಿಯಿತು.

ಅಕ್ಕ ನನ್ನ ಜೊತೆ ಮಾತು ಬಿಟ್ಟಳು. ಜೈಲಿಗೆ ಹೋಗುವಾಗ ಒಂದೇ ಬಸ್ಸು, ಬೇರೆ ಬೇರೆ ಸೀಟು. ಭೇಟಿಯ ಕೋಣೆಯಲ್ಲಿ ಮೊದಲು ಅವಳು, ಅವಳು ಹೊರಬಂದ ಮೇಲೆ ನಾನು. ಒಂದು ಸಲ ಮಾತ್ರ, ಬಸ್ಸಿಗೆ ಕಾಯುತ್ತಿರುವಾಗ, ನನ್ನ ಕಡೆ ತಿರುಗದೆಯೇ ಹೇಳಿದಳು: "ಅವರೇ ಒಪ್ಪಿಕೊಂಡ್ರು, ನಿನ್ನಿಂದ ಆಗಿದ್ದಲ್ಲ. ಗೊತ್ತು ನನಗೆ. ಆದ್ರೂ ನಿನ್ನ ಮುಖ ನೋಡೋಕೆ ಆಗ್ತಾ ಇಲ್ಲ. ಏನ್ ಮಾಡ್ಲಿ?" ಬಸ್ಸು ಬಂತು, ಅವಳು ಮುಂದಿನ ಬಾಗಿಲಲ್ಲಿ ಹತ್ತಿದಳು.

ಸನ್ನಡತೆಯ ರಿಯಾಯಿತಿ ಸಿಕ್ಕಿ ಹತ್ತು ತಿಂಗಳಿಗೇ ಭಾವ ಹೊರಬಂದರು. ಕೂದಲು ಬೆಳ್ಳಗಾಗಿತ್ತು. ಕಂಬ ಹತ್ತುವ ಕೆಲಸ ಗುತ್ತಿಗೆದಾರರ ಬಳಿಯೂ ಸಿಗಲಿಲ್ಲ. ಅರ್ಜಿಯಲ್ಲಿ 'ಶಿಕ್ಷೆಯಾಗಿದೆಯೇ' ಎಂಬ ಖಾನೆಗೆ ಅವರು ಹೌದೆಂದು ಬರೆಯುತ್ತಿದ್ದರು, ಅಲ್ಲಿಗೆ ಮುಗಿಯಿತು. ಕೊನೆಗೆ ಮೋಟಾರು ರಿಪೇರಿ ಅಂಗಡಿಯೊಂದರಲ್ಲಿ ಸುಟ್ಟ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುವ ಕೆಲಸ ಹಿಡಿದರು. ಆರಡಿ ಮೂರಂಗುಲದ ಮನುಷ್ಯ ಗಿಡ್ಡ ಮಣೆಯ ಮೇಲೆ ಮೊಣಕಾಲು ಎದೆಗೆ ತಾಗುವಂತೆ ಕೂತು ಬೆಳಿಗ್ಗೆಯಿಂದ ಸಂಜೆಯವರೆಗೆ ತಂತಿ ಸುತ್ತುತ್ತಿದ್ದರು.

ಮಗಳು ಅಷ್ಟರಲ್ಲಿ ಶಾಲೆಯ ವಾಲಿಬಾಲ್ ತಂಡ ಸೇರಿದ್ದಳು. ಅಪ್ಪನ ಉದ್ದ ಬಂದಿತ್ತು. ಅವಳ ಮೊದಲ ಪಂದ್ಯ ಸಂಘದ ಮೈದಾನದಲ್ಲಿ. ನಾನು ಸ್ಕೋರರ್ ಕೆಲಸ ಬಿಟ್ಟಿದ್ದೆ, ಸುಮ್ಮನೆ ನೋಡಲು ಹೋಗಿದ್ದೆ. ನಡುವೆ ನೀರು ಕುಡಿಯಲು ಹೊರಗೆ ಬಂದಾಗ ಕಾಂಪೌಂಡ್ ಗೋಡೆಯ ಆಚೆ ಭಾವ ನಿಂತಿದ್ದರು. ಬೇರೆಯವರಿಗೆ ಆ ಗೋಡೆಯ ಮೇಲಿಂದ ಒಳಗೆ ಏನೂ ಕಾಣುತ್ತಿರಲಿಲ್ಲ, ಅವರು ಹಿಮ್ಮಡಿ ಎತ್ತಿದ್ದರೆ ಕಾಣುತ್ತಿತ್ತು. ಎತ್ತಿರಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ಸದ್ದನ್ನಷ್ಟೇ ಕೇಳುತ್ತಿದ್ದರು. "ನೋಡೋದೂ ಒಳಗೆ ಹೋದ ಹಾಗೇ ಅಲ್ವಾ?" ಎಂದು ನನ್ನನ್ನೇ ಕೇಳಿದರು.

ಇದಾದ ಒಂದು ವಾರಕ್ಕೆ, "ಮಾಸ್ತರ ಹತ್ರ ಹೋಗ್ಬೇಕು, ಜೊತೆಗೆ ಬಾ" ಎಂದರು. ಇಬ್ಬರೂ ಹೋದೆವು. ಮಾಸ್ತರ ಹೆಂಡತಿ ಭಾವನನ್ನು ಕಂಡದ್ದೇ ಮಶೀನು ನಿಲ್ಲಿಸಿ ಹಿಂಬಾಗಿಲಿಂದ ಹೊರಗೆ ಹೋಗಿಬಿಟ್ಟರು. ಭಾವ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತರು. ಬಾಗಿಲು ಗಿಡ್ಡವಿದ್ದದ್ದೂ ಒಂದು ಕಾರಣ.

"ಕ್ಷಮಿಸಿ ಅಂತ ಕೇಳೋಕೆ ಬಂದೆ ಮಾಸ್ತರೇ."

ಮಾಸ್ತರು ಎಡಗೈಯಲ್ಲಿ ಗುಂಡಿಗಳನ್ನು ಬಣ್ಣ ನೋಡಿ ಬೇರೆ ಬೇರೆ ಡಬ್ಬಿಗೆ ಹಾಕುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ಕೋರ್ಟಲ್ಲಿ ನಿಜ ಹೇಳಿದ್ರಿ, ಅದು ನನಗೆ ನೆನಪಿದೆ. ಜೈಲಿಗೂ ಹೋಗಿ ಬಂದ್ರಿ. ನಿಮ್ಮ ಕಡೆಯಿಂದ ಇನ್ನೇನೂ ಬಾಕಿ ಇಲ್ಲ, ಕಂಬಣ್ಣ. ಆದ್ರೆ ಕ್ಷಮೆ ಅಂದ್ರಲ್ಲ, ಅದು ನನ್ನ ಒಳಗೆ ಹುಡುಕ್ತೀನಿ, ಸಿಗ್ತಾ ಇಲ್ಲ. ಬೆಳಿಗ್ಗೆ ಅಂಗಿ ಗುಂಡಿ ಹಾಕ್ಕೊಳ್ಳೋವಾಗ ಇವಳನ್ನ ಕರೀಬೇಕು. ಆಗ ಸಿಟ್ಟು ಬರತ್ತೆ. ದಿನಾ ಬರತ್ತೆ. ಸುಳ್ಳು ಹೇಳಿ ನಿಮ್ಮನ್ನ ಕಳಿಸಬಹುದು. ನನಗೆ ಅಭ್ಯಾಸ ಇಲ್ಲ."

ಭಾವ ತಲೆಯಾಡಿಸಿದರು. ಕೈ ಮುಗಿದು ಹೊರಡಲು ತಿರುಗಿದರು.

"ನಿಲ್ಲಿ" ಎಂದರು ಮಾಸ್ತರು. ಸ್ಟೂಲಿನ ಮೇಲಿದ್ದ ಬಟ್ಟೆಯ ಗಂಟನ್ನು ಎಡಗೈಯಿಂದ ನೆಲಕ್ಕೆ ಇಳಿಸಿದರು. "ಬಿಸಿಲು ಇಳಿಯೋವರೆಗೂ ಕೂತ್ಕೊಳ್ಳಿ."

ಭಾವ ಕೂತರು. ನಾನು ಬಾಗಿಲಲ್ಲೇ ನಿಂತೆ. ಒಂದು ಗಂಟೆಯ ಮೇಲೆ ಆಗಿರಬೇಕು, ಇಬ್ಬರೂ ಒಂದೂ ಮಾತಾಡಲಿಲ್ಲ. ಗುಂಡಿಗಳು ಡಬ್ಬಿಗೆ ಬೀಳುವ ಸದ್ದು, ಬೀದಿಯಲ್ಲಿ ಸೈಕಲ್ ಗಂಟೆ. ನೆರಳು ಎದುರಿನ ಗೋಡೆ ಮುಟ್ಟಿದ ಮೇಲೆ ಎದ್ದೆವು.

ಮನೆಯಲ್ಲಿ ಅಕ್ಕ ಬಾಗಿಲಿಗೇ ಬಂದು ನಿಂತಿದ್ದಳು. ಭಾವ ಚಪ್ಪಲಿ ಬಿಟ್ಟು ಒಳಗೆ ಹೋದರು. ಅಕ್ಕ ಎರಡು ವರ್ಷದ ಮೇಲೆ ಮೊದಲ ಸಲ ನನ್ನ ಮುಖ ನೋಡಿ ಕೇಳಿದಳು.

"ಏನಂದ್ರು?"

"ಕ್ಷಮಿಸೋಕೆ ಆಗಲ್ಲ ಅಂದ್ರು" ಎಂದೆ. "ಕೂತ್ಕೊಳ್ಳಿ ಅಂದ್ರು."

ಅಕ್ಕ ಬಾಗಿಲಿನಿಂದ ಪಕ್ಕಕ್ಕೆ ಸರಿದು, "ನೀನೂ ಒಳಗೆ ಬಾ" ಎಂದಳು.